ಕುರ್ಚಿಗಾಗಿ ಫುಟ್‌ಬಾಲ್ ಆಡಿದವರು

ನಮ್ಮವರ ಹೆಸರು ಎನೋಸ್ ಹಾರ್ಟ್ಸೆಲ್. ಕಮ್ಮಾರಿಕೆ ಅವರ ಕಸುಬು. ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ನನ್ನನ್ನು ಮದುವೆಯಾಗಿ ಐದು ವರ್ಷ ಕಳೆದ ಮೇಲೆ, ಅವರು ಕಾಲೇಜಿನ ಮೊದಲ ವರ್ಷದ ವಿದ್ಯಾರ್ಥಿಯಾದರು. ಇದನ್ನು ಹೇಳಿದರೆ ಈಗಿನವರು ನಗುತ್ತಾರೆ. ನಗಲಿ. ಆಗ ಅವರ ಬಟ್ಟೆಯ ಕೆಸರು ಒಗೆದವಳು ನಾನು, ನನಗೆ ನಗು ಬಂದಿರಲಿಲ್ಲ.

ಇದು ಸಾವಿರದ ಎಂಟುನೂರ ತೊಂಬತ್ಮೂರನೆಯ ಇಸವಿಯ ಮಾತು. ಪೆನ್ಸಿಲ್ವೇನಿಯಾದಲ್ಲಿ ಹೊಳೆಯ ದಂಡೆಯ ಮೇಲೆ ನಮ್ಮ ಊರು. ಗುಡ್ಡದ ಮೇಲೆ ಕಾಲೇಜು, ಗುಡ್ಡದ ಕೆಳಗೆ ಕಾಗದದ ಗಿರಣಿ, ನಡುವೆ ನಮ್ಮ ಕುಲುಮೆ. ಅದೇ ಕುಲುಮೆಯಲ್ಲಿ ಕುದುರೆಗೆ ಲಾಳ ಕಟ್ಟುವಾಗ ಒದೆ ತಿಂದು ನಮ್ಮ ಮಾವನವರು ಸತ್ತದ್ದು. ಆಮೇಲಿಂದ ಯಾವುದಾದರೂ ಒರಟು ಕುದುರೆ ಬಾಗಿಲಿಗೆ ಬಂದರೆ ಸಾಕು, ನಾನು ಒಲೆಯ ಮೇಲಿಟ್ಟದ್ದನ್ನು ಬಿಟ್ಟು ಬಂದು ನಿಲ್ಲುತ್ತಿದ್ದೆ. ನಿಂತು ಏನು ಮಾಡಬೇಕು ಎಂದು ನನಗೇ ಗೊತ್ತಿರಲಿಲ್ಲ.

ಗಿರಣಿಯ ಬಾಯ್ಲರ್ ನೋಡಿಕೊಳ್ಳುತ್ತಿದ್ದ ಮುದುಕ ಮುಂದಿನ ಜುಲೈಗೆ ಕೆಲಸ ಬಿಡುವವನಿದ್ದ. ಆ ಕೆಲಸ ನಮ್ಮವರಿಗೆ ಬೇಕಾಗಿತ್ತು, ನನಗೆ ಇನ್ನೂ ಹೆಚ್ಚಾಗಿ ಬೇಕಾಗಿತ್ತು. ಬಾಯ್ಲರ್ ಕೆಟ್ಟಾಗಲೆಲ್ಲ ಗಿರಣಿಯವರು ಕರೆಯುತ್ತಿದ್ದುದು ಇವರನ್ನೇ. ಕಿವಿಗೊಟ್ಟು ಕೇಳಿ, ಎಲ್ಲಿ ಏನಾಗಿದೆ ಎಂದು ಹೇಳಿಬಿಡುತ್ತಿದ್ದರು. ಆದರೆ ಕೆಲಸಕ್ಕೆ ಲೈಸೆನ್ಸ್ ಬೇಕು, ಲೈಸೆನ್ಸಿಗೆ ಪರೀಕ್ಷೆ, ಪರೀಕ್ಷೆಯಲ್ಲಿ ಲೆಕ್ಕ. ಒಂದು ಸಲ ಹೋಗಿ ಸೋತು ಬಂದಿದ್ದರು. ಉಗಿ ಹೆಚ್ಚಾದಾಗ ತಾನಾಗಿ ತೆರೆದುಕೊಳ್ಳುವ ಮುಚ್ಚಳ ಇರುತ್ತದಲ್ಲ, ಅದರ ಸನ್ನೆಗೋಲಿಗೆ ಎಷ್ಟು ತೂಕ ನೇತುಹಾಕಬೇಕು ಎಂಬುದು ಪ್ರಶ್ನೆ. ಕೋಲನ್ನು ಕೈಗೆ ಕೊಟ್ಟಿದ್ದರೆ ಅರೆಗಳಿಗೆಯಲ್ಲಿ ತೋರಿಸುತ್ತಿದ್ದರು. ಕಾಗದದ ಮೇಲೆ ಬರೆದು ತೋರಿಸು ಎಂದಿದ್ದರು. ಚಳಿಗಾಲದಲ್ಲಿ ಮಾತ್ರ, ಅದೂ ನಾಲ್ಕು ವರ್ಷ, ಶಾಲೆಗೆ ಹೋಗಿದ್ದ ಮನುಷ್ಯ. ಭಿನ್ನರಾಶಿ ಕಂಡರೆ ಕೈ ಬೆವರುತ್ತಿತ್ತು.

ಸೆಪ್ಟೆಂಬರಿನಲ್ಲಿ ಪೆಲ್ ಎಂಬ ಹುಡುಗ ತನ್ನ ಹೆಣ್ಣುಕುದುರೆಗೆ ಲಾಳ ಕಟ್ಟಿಸಲು ಬಂದ. ದೊಡ್ಡವರ ಮನೆಯವನು, ಕಾಲೇಜಿನ ಫುಟ್‌ಬಾಲ್ ತಂಡದ ಕ್ಯಾಪ್ಟನ್. ಕುದುರೆ ಒದೆಯಲು ನೋಡಿತು. ನಮ್ಮವರು ಅದರ ಹಿಂಗಾಲನ್ನು ತೊಡೆಗಳ ನಡುವೆ ಹಿಡಿದು, ಅದು ಎಷ್ಟು ಕೊಸರಾಡಿದರೂ ನಿಂತಲ್ಲಿಂದ ಒಂದಂಗುಲ ಕದಲಲಿಲ್ಲ. ಪೆಲ್ ಕುದುರೆ ಕೊಳ್ಳಲು ಬಂದವನ ಹಾಗೆ ನಮ್ಮವರ ಸುತ್ತ ಒಂದು ಸುತ್ತು ಬಂದ. ತೂಕ ಎಷ್ಟು ಎಂದು ಕೇಳಿದ.

ಆ ಕಾಲದಲ್ಲಿ ಎಷ್ಟೋ ಕಡೆ ಹೀಗೆ ನಡೆಯುತ್ತಿತ್ತು. ಎಲ್ಲಾದರೂ ಗಟ್ಟಿ ಆಳು ಕಂಡರೆ ಕಾಲೇಜಿನ ಪಟ್ಟಿಯಲ್ಲಿ ಹೆಸರು ಬರೆಸುವುದು, ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನದ ದೊಡ್ಡ ಆಟದ ತನಕ ಆಡಿಸುವುದು, ಹಬ್ಬದ ಮಾರನೆಯ ದಿನ ಹೆಸರು ಹೊಡೆದುಹಾಕುವುದು. ನಿಮ್ಮವರ ವಿಷಯ ನಾವು ಕೇಳುವುದಿಲ್ಲ, ನಮ್ಮವರ ವಿಷಯ ನೀವು ಕೇಳಬೇಡಿ ಎಂದು ಕಾಲೇಜುಗಳ ನಡುವೆ ಒಂದು ಮೌನದ ಒಪ್ಪಂದ.

"ಹೆಸರು ನಾವು ಬರೆಸ್ತೀವಿ ಹಾರ್ಟ್ಸೆಲ್. ನೀನು ಕ್ಲಾಸಿಗೆಲ್ಲ ಬರೋದೇನೂ ಬೇಡ," ಎಂದ ಪೆಲ್.

"ಕ್ಲಾಸಿಗೆ ಬಿಟ್ಕೊಳ್ಳೋ ಹಾಗಿದ್ರೆ ಆಡ್ತೀನಿ," ಎಂದರು ನಮ್ಮವರು.

ಹುಡುಗನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಉಳಿದ ಗಟ್ಟಿ ಆಳುಗಳೆಲ್ಲ ಕೂಲಿ ಕೇಳಿದ್ದರು. ಇವರು ಕೇಳಿದ್ದು ಲೆಕ್ಕದ ತರಗತಿಯಲ್ಲಿ ಜೂನ್ ತನಕ ಒಂದು ಕುರ್ಚಿ. ಪೆಲ್ ನಕ್ಕು, ಆಡುವ ತನಕ ಕುರ್ಚಿ ನಿನ್ನದೇ ಎಂದ. ಆಡುವ ತನಕ ಎಂಬ ಮಾತನ್ನು ನಾನು ಒಳಗಿನಿಂದ ಕೇಳಿಸಿಕೊಂಡೆ. ನಮ್ಮವರಿಗೆ ಕುರ್ಚಿ ಎಂಬುದು ಮಾತ್ರ ಕೇಳಿಸಿತು.

ಅವತ್ತಿನಿಂದ ನನ್ನ ಮನೆ ಮನೆಯಾಗಿ ಉಳಿಯಲಿಲ್ಲ.

ಮೊದಲು ಕೂದಲು. ತಲೆಗೆ ಪೆಟ್ಟು ಬಿದ್ದರೆ ತಡೆಯಲು ಆಟಗಾರರು ಕೂದಲು ಬೆಳೆಸುತ್ತಿದ್ದರು, ತಲೆಗೆ ಬೇರೆ ಏನೂ ಇರಲಿಲ್ಲ. ನಮ್ಮವರೂ ಬಿಟ್ಟರು. ಕುಲುಮೆಯ ಕಿಡಿ ಹಾರಿ ಅದು ಅಲ್ಲಲ್ಲಿ ಸುಟ್ಟು, ಮನೆಯೆಲ್ಲ ಹಂದಿ ಸುಟ್ಟ ವಾಸನೆ. ಆಮೇಲೆ ಊಟ. ಕಾಕಂಬಿ ಹಾಕಿದ ಪೈ ಎಂದರೆ ಪ್ರಾಣ ಬಿಡುತ್ತಿದ್ದವರು ಅದನ್ನು ಮುಟ್ಟುವ ಹಾಗಿಲ್ಲವಂತೆ. ಒಣಗಿದ ಬ್ರೆಡ್ಡು ಮತ್ತು ರಕ್ತ ಒಸರುವಷ್ಟು ಹಸಿಯಾದ ದನದ ಮಾಂಸ ಬೇಕಂತೆ, ಕ್ಯಾಪ್ಟನ್ ಹೇಳಿದ್ದಾನಂತೆ. ಪೈಯನ್ನು ನಾನೊಬ್ಬಳೇ ಅವರ ಎದುರಿಗೇ ಕೂತು ತಿಂದೆ.

ಆಮೇಲೆ ನನ್ನ ಆಲೂಗಡ್ಡೆ. ಹತ್ತು ಆಲೂಗಡ್ಡೆಗಳನ್ನು ಮೇಜಿನ ಮೇಲೆ ಬೆಣೆಯ ಹಾಗೆ ಜೋಡಿಸಿ, ಒಳಗೆ ಒಂದು ಈರುಳ್ಳಿ ಇಡುತ್ತಿದ್ದರು. ಈರುಳ್ಳಿ ಎಂದರೆ ಚೆಂಡು ಹಿಡಿದವನು; ಹೆಸರಿಗೆ ಫುಟ್‌ಬಾಲ್, ಚೆಂಡು ಇರುವುದು ಕೈಯಲ್ಲಿ. ಮರ ಸೀಳುವುದಕ್ಕೆ ಬೆಣೆ ಹೊಡೆಯುತ್ತೇವಲ್ಲ, ಹಾಗೇ ಹತ್ತು ಜನ ಒಬ್ಬರಿಗೊಬ್ಬರು ಅಂಟಿಕೊಂಡು ಓಡಿಬಂದು ಎದುರಾಳಿಗಳ ಸಾಲನ್ನು ಸೀಳುವುದು. ಮೂರು ಪ್ರಯತ್ನದಲ್ಲಿ ಐದು ಗಜ ಮುಂದೆ ಹೋಗಬೇಕು, ಹೋಗದಿದ್ದರೆ ಚೆಂಡು ಅವರದು. ಇಷ್ಟೇ ಆಟ. ಐದು ಗಜ ನಡೆಯುವುದಕ್ಕೆ ದೊಡ್ಡ ಗಂಡಸರು ಇಷ್ಟೊಂದು ಒದ್ದಾಡುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಬೇಯಿಸಲು ಆಲೂಗಡ್ಡೆ ತೆಗೆದುಕೊಂಡರೆ, ಬೆಣೆ ಮುರೀಬೇಡ ಎನ್ನುತ್ತಿದ್ದರು.

ಬೆಳಿಗ್ಗೆ ಒಂಬತ್ತಕ್ಕೆ ಲೆಕ್ಕದ ತರಗತಿ. ಆ ಹೊತ್ತಿಗೆ ರೈತರು ಕುದುರೆ ಹಿಡಿದು ಕುಲುಮೆಯ ಮುಂದೆ ನಿಲ್ಲುತ್ತಿದ್ದರು, ಒಳಗೆ ಬೆಂಕಿ ಆರಿರುತ್ತಿತ್ತು. ಉತ್ತರ ಹೇಳಬೇಕಾದವಳು ನಾನು.

"ನಿನ್ ಗಂಡ ಪಾದ್ರಿ ಆಗಿ ಬರ್ತಾನೋ ವಕೀಲ ಆಗಿ ಬರ್ತಾನೋ ಲೊವೀನಾ? ನಮ್ ಕುದುರೆ ಕೇಳ್ತಾ ಇದೆ," ಎಂದ ಒಬ್ಬ ಮುದುಕ.

ಕುದುರೆಗೆ ಹೇಳು, ಅವರು ಬರುವ ತನಕ ಬರಿಗಾಲಲ್ಲಿ ನಡೆಯುವುದನ್ನು ಕಲಿಯಲಿ ಎಂದೆ. ಆತ ಮತ್ತೆ ನಮ್ಮ ಕಡೆ ಬರಲಿಲ್ಲ. ಅದಕ್ಕೂ ನಾನು ನಮ್ಮವರನ್ನೇ ಬೈದೆ.

ತರಗತಿಯಲ್ಲಿ ಏನಾಯಿತು ಎಂಬುದು ನನಗೆ ತುಣುಕು ತುಣುಕಾಗಿ ತಿಳಿದದ್ದು. ಗಿಡಿಂಗ್ಸ್ ಎಂಬ ಪ್ರೊಫೆಸರ್ ಲೆಕ್ಕ ಹೇಳಿಕೊಡುತ್ತಿದ್ದರು. ವಯಸ್ಸಾದವರು, ಸಣಕಲು, ಫುಟ್‌ಬಾಲ್ ಎಂದರೆ ಉರಿದು ಬೀಳುವವರು. ಸುಟ್ಟ ಗೊರಸಿನ ವಾಸನೆ ಹೊತ್ತು ತರಗತಿಗೆ ಬಂದ ಕಮ್ಮಾರನನ್ನು ಕಂಡು, ಹುಡುಗರು ತಮ್ಮನ್ನು ಗೇಲಿ ಮಾಡಲು ಕಳಿಸಿದ್ದಾರೆ ಎಂದುಕೊಂಡರು. ಮೊದಲ ದಿನವೇ ಹಲಗೆಯ ಹತ್ತಿರ ಕರೆದು ಒಂದು ಭಿನ್ನರಾಶಿ ಕೊಟ್ಟರು. ನಮ್ಮವರು ಬರೆದರು, ಅಂಗೈಯಲ್ಲಿ ಒರೆಸಿದರು, ಮತ್ತೆ ಬರೆದರು. ಹಲಗೆ ತುಂಬ ಮಸಿ. ಪ್ರೊಫೆಸರು ಒಲೆಯ ಪಕ್ಕದ ಕುರ್ಚಿ ತೋರಿಸಿ, ಅಲ್ಲಿ ಕೂತಿರು, ಯಾರಿಗೂ ತಗಲಬೇಡ ಎಂದರು. ಅವಮಾನಕ್ಕೆಂದು ಕೊಟ್ಟ ಕುರ್ಚಿ. ನಮ್ಮವರು ಮನೆಗೆ ಬಂದು, ಬೆಚ್ಚಗಿನ ಜಾಗ ಸಿಕ್ಕಿತು ಎಂದು ಹಿಗ್ಗಿ ಹೇಳಿದರು.

ಮೂರು ವಾರದ ಮೇಲೆ ಪ್ರೊಫೆಸರ್ ಗೇಲಿ ಮಾಡುವುದನ್ನು ಬಿಟ್ಟರು. ಹೇಳಿದ ಲೆಕ್ಕವನ್ನು ಮನೆಯಲ್ಲಿ ಮಾಡಿಕೊಂಡು ಬರುತ್ತಿದ್ದವರು ಇವರೊಬ್ಬರೇ ಆಗಿದ್ದರಂತೆ. ಮಾಡುತ್ತಿದ್ದುದು ಕುಲುಮೆಯ ತಿದಿಯ ತೊಗಲಿನ ಮೇಲೆ, ಸೀಮೆಸುಣ್ಣದಲ್ಲಿ. ಗಾಳಿ ಊದಿದರೆ ಅಂಕಿಗಳು ಹಿಗ್ಗುತ್ತಿದ್ದವು, ಬಿಟ್ಟರೆ ಸುಕ್ಕಾಗುತ್ತಿದ್ದವು. ಲೆಕ್ಕ ಮುಗಿಯುವ ತನಕ ಊದಬಾರದು ಎಂದು ಕಾದ ಕಬ್ಬಿಣ ಎಷ್ಟು ಸಲ ತಣ್ಣಗಾಯಿತೋ.

ಅಕ್ಟೋಬರಿನಲ್ಲಿ ಪೆಲ್ ನನ್ನ ಹತ್ತಿರವೇ ಬಂದ. ನನ್ನ ಅಪ್ಪ ಜೀನು ಮತ್ತು ಗಾಡಿಕುದುರೆಯ ಪಟ್ಟಿಗಳನ್ನು ಹೊಲಿಯುತ್ತಿದ್ದವರು. ಮೇಣ ತಿಕ್ಕಿದ ದಾರ, ಎರಡು ಸೂಜಿ, ಒಂದೇ ತೂತಿನಲ್ಲಿ ಎರಡು ಕಡೆಯಿಂದ ಎಳೆಯುವ ಹೊಲಿಗೆ, ಇದನ್ನೆಲ್ಲ ನಾನು ಹತ್ತನೆಯ ವಯಸ್ಸಿಗೇ ಕಲಿತಿದ್ದೆ. ಪೆಲ್ ಒಂದು ಹೊರೆ ದಪ್ಪ ಕ್ಯಾನ್ವಾಸ್ ಬಟ್ಟೆಯನ್ನೂ, ಪ್ರಯಾಣದ ಪೆಟ್ಟಿಗೆಗಳಿಂದ ಕಿತ್ತ ತೊಗಲಿನ ಹಿಡಿಗಳನ್ನೂ ತಂದು ಮೇಜಿನ ಮೇಲೆ ಸುರಿದ. ಕ್ಯಾನ್ವಾಸಿನಲ್ಲಿ ಬಿಗಿಯಾದ ಅಂಗಿ ಆಗಬೇಕಂತೆ, ಎದುರಾಳಿ ಹಿಡಿದರೆ ಕೈ ಜಾರುವ ಹಾಗೆ. ಹಿಡಿಗಳನ್ನು ಷರಾಯಿಯ ಸೊಂಟದ ಎರಡೂ ಕಡೆಗೆ ಹೊಲಿಯಬೇಕಂತೆ, ಚೆಂಡು ಹಿಡಿದವನನ್ನು ಅವನ ಜೊತೆಯವರೇ ಹಿಡಿದು ಮುಂದಕ್ಕೆ ಎಳೆದುಕೊಂಡು ಹೋಗಲು ಅನುಕೂಲವಾಗುವ ಹಾಗೆ. ಅಂಗಿ ಕೈಗೆ ಸಿಗಬಾರದು, ಷರಾಯಿ ಕೈಗೆ ಸಿಗಬೇಕು. ಇವರ ಬುದ್ಧಿಗೆ ಏನೆನ್ನಬೇಕು ಎಂದು ನನಗೆ ಇವತ್ತಿಗೂ ತೋಚುವುದಿಲ್ಲ.

ಆದರೂ ಹೊಲಿದೆ. ಎಲ್ಲರದನ್ನೂ ಒಂದು ಸುತ್ತು ಹೊಲಿದೆ, ನಮ್ಮವರದನ್ನು ಎರಡು ಸುತ್ತು. ಆಟದ ನಡುವೆ ನನ್ನ ಗಂಡನ ಷರಾಯಿ ಹರಿದು ಊರ ಮುಂದೆ ಮಾನ ಹೋಗದಿರಲಿ ಎಂಬುದೊಂದೇ ನನ್ನ ಯೋಚನೆ.

ಹಬ್ಬದ ದಿನ ಹೊಳೆಯಾಚೆಯ ಕಾಲೇಜಿನ ಜೊತೆ ಆಟ. ಹೋಗುವುದಿಲ್ಲ ಎಂದು ಹೇಳಿ, ಬಾತುಕೋಳಿಯನ್ನು ಒಲೆಗೆ ಇಟ್ಟು, ನಮ್ಮ ಪುಟ್ಟ ಮಗಳನ್ನು ಎತ್ತಿಕೊಂಡು ಹೋದೆ. ಹುಲ್ಲಿನ ಮೇಲೆ ಸುಣ್ಣದ ಗೆರೆಗಳು, ಸುತ್ತ ಹಗ್ಗ, ಹಗ್ಗದಾಚೆ ಗಾಡಿಗಳ ಮೇಲೆ ನಿಂತ ಜನ. ಆಟ ಒಂದೂವರೆ ಗಂಟೆ. ಪೆಟ್ಟು ಬಿದ್ದು ಏಳಲಾಗದವನನ್ನು ಬಿಟ್ಟು ಬೇರೆ ಯಾರನ್ನೂ ಬದಲಿಸುವ ಹಾಗಿಲ್ಲ. ಮುಗಿಯಲು ಸ್ವಲ್ಪ ಹೊತ್ತು ಇರುವಾಗ ಅವರದು ಆರು, ನಮ್ಮದು ನಾಲ್ಕು. ಅವರ ಗೆರೆಗೆ ಇನ್ನು ಎರಡು ಗಜ, ದಾಟಿದರೆ ನಾಲ್ಕು ಅಂಕ. ಚೆಂಡನ್ನು ನಮ್ಮವರ ಕೈಗೆ ಕೊಟ್ಟರು.

ಬೆಣೆ ಹೋಗಿ ಸಾಲಿಗೆ ಹೊಡೆಯಿತು, ಹೊಡೆದಲ್ಲೇ ನಿಂತಿತು. ಎದುರಾಳಿಗಳು ಇಬ್ಬರು ನಮ್ಮವರ ಬಲಗಾಲನ್ನು ಅಪ್ಪಿ ಹಿಡಿದಿದ್ದರು. ಪೆಲ್ ಒಂದು ಕಡೆಯ ಹಿಡಿಗೆ ಕೈ ಹಾಕಿದ, ಇನ್ನೊಬ್ಬ ಇನ್ನೊಂದು ಕಡೆಯ ಹಿಡಿಗೆ. ಇವರು ಸೊಂಟವನ್ನು ಮುಂದಕ್ಕೆ ಎಳೆಯುತ್ತಾರೆ, ಅವರು ಕಾಲನ್ನು ಹಿಂದಕ್ಕೆ ಎಳೆಯುತ್ತಾರೆ. ಏನಾದರೂ ಒಂದು ಹರಿಯಲೇಬೇಕಾಗಿತ್ತು. ನನ್ನ ಹೊಲಿಗೆ ಹರಿಯಲಿಲ್ಲ.

ನಮ್ಮವರು ಚೆಂಡಿನ ಸಮೇತ ಗೆರೆಯಾಚೆ ಬಿದ್ದರು, ನಮ್ಮದು ಎಂಟಾಯಿತು. ಟೋಪಿಗಳೆಲ್ಲ ಮೇಲಕ್ಕೆ ಹಾರಿದವು. ಬಲಮಂಡಿ ಪಕ್ಕಕ್ಕೆ ತಿರುಗಿದ್ದನ್ನು ನೋಡಿದವಳು ನಾನೊಬ್ಬಳೇ ಇರಬೇಕು.

ಹಾಲಿನ ಗಾಡಿಯಲ್ಲಿ ಮಲಗಿಸಿ ಮನೆಗೆ ತಂದರು. ಬಾತುಕೋಳಿ ಕಲ್ಲಿದ್ದಲಾಗಿತ್ತು. ಮಂಡಿಯ ಒಳಗಿನ ನರ ಹರಿದಿದೆ, ಕಾಲು ಇನ್ನು ಮೊದಲಿನ ಹಾಗೆ ಆಗುವುದಿಲ್ಲ ಎಂದು ಡಾಕ್ಟರು ಹೇಳಿದರು. ನಮ್ಮವರು ಅದನ್ನು ಕೇಳಿ ಆದ ಮೇಲೆ, ಸೋಮವಾರ ದಶಾಂಶ ಶುರು ಮಾಡುತ್ತಾರೆ, ಒಂಬತ್ತು ಗಂಟೆಗೆ ಅಲ್ಲಿರಬೇಕು ಎಂದರು. ನನಗೆ ಅಳಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

ಸೋಮವಾರ ಒಂಬತ್ತಕ್ಕೆ ಮೊದಲೇ ಪೆಲ್ ಬಂದ. ಒಂದು ಬುಟ್ಟಿ ಕಿತ್ತಳೆ, ಒಂದು ಕಾಗದ. ಕಾಗದದಲ್ಲಿ ಹಾರ್ಟ್ಸೆಲ್ ಅವರ ಹೆಸರನ್ನು ಕಾಲೇಜಿನ ಪಟ್ಟಿಯಿಂದ ತೆಗೆಯಲಾಗಿದೆ ಎಂದಿತ್ತು. ಜೂನ್ ತನಕ ಎಂದು ಮಾತಾಗಿತ್ತಲ್ಲ ಎಂದು ಕೇಳಿದೆ.

"ಆಡೋ ತನಕ ಅಂದಿದ್ದೆ ನಾನು. ಆಟ ಮುಗೀತಲ್ಲಮ್ಮ," ಎಂದ. ಕೆಟ್ಟ ಹುಡುಗನಲ್ಲ, ಅದೇ ಕಷ್ಟ. ಅವನಿಗೆ ನಿಜವಾಗಿಯೂ ಇದರಲ್ಲಿ ತಪ್ಪು ಕಾಣುತ್ತಿರಲಿಲ್ಲ. ಕಿತ್ತಳೆ ಹೇಗಿವೆ ನೋಡಿ ಎಂದ.

ಮೂರು ತಿಂಗಳಿಂದ ಆ ಕುರ್ಚಿಗೆ ನಾನು ಹಾಕದ ಶಾಪವಿರಲಿಲ್ಲ. ಅವತ್ತು ಬುಟ್ಟಿಯನ್ನು ಹೊರಗಿಟ್ಟು ಬಾಗಿಲು ಹಾಕಿದ ಮೇಲೆ, ಅದೇ ಕುರ್ಚಿ ನನಗೂ ಬೇಕೆನಿಸಿತು. ಕಾಲು ಹೋಯಿತು, ಇನ್ನು ಕುದುರೆಯ ಹಿಂಗಾಲು ಹಿಡಿದು ನಿಲ್ಲುವ ಹಾಗಿಲ್ಲ. ಬಾಯ್ಲರ್ ಕೆಲಸ ಒಂದೇ ಉಳಿದದ್ದು, ಅದಕ್ಕೆ ಲೆಕ್ಕ ಬೇಕು. ಕಾಲು ಕೊಟ್ಟದ್ದಕ್ಕೆ ಲೆಕ್ಕವಾದರೂ ಬರಬೇಡವೇ.

ಹತ್ತು ದಿನ ಕಳೆಯಿತು. ಹೊಳೆಯಾಚೆಯವರಿಗೆ ಸೋತದ್ದು ಅರಗಲಿಲ್ಲ. ಮೌನದ ಒಪ್ಪಂದವನ್ನು ಮುರಿದು, ನಿಮ್ಮ ತಂಡದಲ್ಲಿ ಗೆರೆ ದಾಟಿದ ಮನುಷ್ಯ ವಿದ್ಯಾರ್ಥಿಯೇ ಅಲ್ಲ, ನಿಮ್ಮ ಗೆಲುವು ಲೆಕ್ಕಕ್ಕಿಲ್ಲ, ಬುಧವಾರ ಇಬ್ಬರು ಬಂದು ವಿಚಾರಿಸುತ್ತಾರೆ ಎಂದು ಬರೆದರು. ಪೆಲ್ ಏದುಸಿರು ಬಿಡುತ್ತ ನಮ್ಮ ಮನೆಗೆ ಬಂದ. ಹೆಸರು ಮತ್ತೆ ಬರೆಸಿದ್ದಾನಂತೆ, ಬುಧವಾರ ನಮ್ಮವರು ಹೋಗಿ ಆ ಕುರ್ಚಿಯಲ್ಲಿ ಕೂತರೆ ಸಾಕಂತೆ. ಜೂನ್ ತನಕ ಎಂದು ಕಾಲೇಜಿನ ಡೀನ್ ಕೈಯಲ್ಲಿ ಬರೆಸಿಕೊಂಡು ಬಾ, ಕಳಿಸುತ್ತೇನೆ ಎಂದೆ. ಮೊದಲು ವಿಚಾರಣೆ ಮುಗಿಯಲಿ ಎಂದ. ಮುಗಿದ ಮೇಲೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಆದರೆ ನಮ್ಮವರು ಆಗಲೇ ಊರುಗೋಲಿಗೆ ಕೈ ಚಾಚಿದ್ದರು.

ಬುಧವಾರ ಬೆಳಿಗ್ಗೆ, ಓದಲಿಕ್ಕೇ ಬಂದೆ ಅಂತ ಹೇಳಿ, ಅಷ್ಟು ಹೇಳಿದರೆ ಸಾಕು ಎಂದು ಹತ್ತು ಸಲ ಹೇಳಿಕೊಟ್ಟೆ.

"ಆಡೋಕೆ ಕರೆದ್ರು ಅಂತ ಹೋದೆ ಲೊವೀ. ಕೇಳಿದ್ರೆ ಹಂಗೇ ಹೇಳ್ತೀನಿ."

"ನಿಮ್ಮ ಸತ್ಯ ತಗೊಂಡು ಬಾಯ್ಲರ್‌ಗೆ ಹಾಕಿ ಉರಿಸ್ರೀ," ಎಂದೆ. ಅವರು ಕೂದಲು ಬಾಚಿಕೊಂಡರು.

ಅವರನ್ನು ಕುಲುಮೆಯ ಇದ್ದಲು ಸಾಗಿಸುವ, ಚಕ್ರವಿಲ್ಲದೆ ಹಿಮದ ಮೇಲೆ ಎಳೆಯುವ ಹಿಮಗಾಡಿಯಲ್ಲಿ ಕೂರಿಸಿ ಗುಡ್ಡ ಹತ್ತಿಸಿದೆ. ತರಗತಿಯ ಬಾಗಿಲ ಹತ್ತಿರ ನನ್ನನ್ನು ಯಾರೂ ತಡೆಯಲಿಲ್ಲ. ಒಳಗೆ ಡೀನ್, ಪೆಲ್, ಪ್ರೊಫೆಸರ್ ಗಿಡಿಂಗ್ಸ್, ವಿಚಾರಿಸಲು ಹೊಳೆಯಾಚೆಯಿಂದ ಬಂದ ಕರಿಕೋಟಿನ ಇಬ್ಬರು. ನಮ್ಮವರು ಒಲೆಯ ಪಕ್ಕದಲ್ಲಿ ಕೂತು ಕಾಲು ಚಾಚಿದರು.

ಕರಿಕೋಟಿನವರಲ್ಲಿ ದಪ್ಪಗಿದ್ದವರು, ಇಲ್ಲಿಗೆ ಓದಲು ಬಂದೆಯೋ ಆಡಲು ಬಂದೆಯೋ ಎಂದು ಕೇಳಿದರು.

"ಆಡೋಕೆ," ಎಂದರು ನಮ್ಮವರು.

ಪೆಲ್ ಕಣ್ಣು ಮುಚ್ಚಿದ. ನಾನೂ ಮುಚ್ಚಿದೆ.

"ಆಡಿದ್ದಕ್ಕೆ ಏನು ಕೊಟ್ಟರು?"

"ಈ ಕುರ್ಚಿ ಕೊಟ್ರು."

"ಕುರ್ಚಿ?"

"ಹೂಂ. ಕೂತು ಲೆಕ್ಕ ಕಲಿಯೋಕೆ. ಬೇರೇನೂ ಕೇಳ್ಲಿಲ್ಲ. ಆಟ ಮುಗಿದ್ಮೇಲೆ ತಗೊಂಡ್ಬಿಟ್ರು, ಇವತ್ತು ವಾಪಸ್ ಕೊಟ್ಟಿದಾರೆ. ನಾಳೆ ಇರುತ್ತೋ ಗೊತ್ತಿಲ್ಲ."

ಆಗ ಪ್ರೊಫೆಸರ್ ಗಿಡಿಂಗ್ಸ್ ತಮ್ಮ ಹಾಜರಿ ಪುಸ್ತಕವನ್ನು ತೆರೆದು, ಕರಿಕೋಟಿನವರ ಮುಂದೆ ಇಟ್ಟರು.

"ಈ ತಂಡದ ಹನ್ನೊಂದು ಜನರ ಹೆಸರೂ ಇದರಲ್ಲಿದೆ. ಹೆಸರಿದ್ದಷ್ಟು ದಿನ ತಪ್ಪದೆ ಬಂದವನು ಇವನೊಬ್ಬ. ಈ ಕ್ಯಾಪ್ಟನ್ ಮಹಾಶಯರನ್ನ ನನ್ನ ತರಗತಿಯಲ್ಲಿ ನಾನು ಇವತ್ತೇ ಮೊದಲ ಸಲ ನೋಡ್ತಾ ಇರೋದು."

ದಪ್ಪಗಿದ್ದವರು ನಂಬಲಾರದೆ ಒಂದು ಲೆಕ್ಕ ಕೊಟ್ಟರು. ಸನ್ನೆಗೋಲಿನದೇ, ಬಾವಿಯ ಏತದ ಮೇಲೆ. ನಮ್ಮವರು ಊರುಗೋಲು ಬಿಟ್ಟು, ಹಲಗೆಗೆ ಭುಜ ಆನಿಸಿ ಬರೆಯತೊಡಗಿದರು. ಅರ್ಧ ಆಗುವಷ್ಟರಲ್ಲೇ ಆ ಮನುಷ್ಯ, ಸಾಕು, ಸಾಕು, ಗೊತ್ತಾಯಿತು ಎಂದರು. ದೇವರು ಕೊಟ್ಟ ಆ ಮಾತನ್ನು ಹಿಡಿದು ಕೂತುಕೊಳ್ಳಬಾರದೇ?

"ತಡೀರಿ ಸ್ವಾಮಿ, ಇನ್ನೂ ತಾಳೆ ನೋಡಿಲ್ಲ," ಎಂದು, ಉತ್ತರವನ್ನು ಕೆಳಗಿನಿಂದ ಮೇಲಕ್ಕೆ ಮತ್ತೆ ಮಾಡುತ್ತ ಹೋದರು. ಎಲ್ಲರೂ ನಿಂತು ಕಾದರು. ತಾಳೆಯಾಯಿತು. ಅಂಗೈಯಿಂದ ಹಲಗೆ ಒರೆಸಿ ಬಂದು ಕೂತರು.

ಕರಿಕೋಟಿನವರು ಮೂಲೆಗೆ ಹೋಗಿ ಪಿಸುಗುಟ್ಟಿದರು. ಕೂಲಿ ಪಡೆದು ಆಡಿದವರ ಮೇಲೆ ದೂರು ಬರೆಯಲು ಬಂದಿದ್ದರು, ಕುರ್ಚಿ ಪಡೆದು ಆಡಿದವನ ಮೇಲೆ ಏನೆಂದು ಬರೆಯುವುದು? ತಮ್ಮ ತಂಡದ ಹಾಜರಿ ಪುಸ್ತಕವನ್ನು ಯಾರಾದರೂ ಕೇಳಿದರೆ ಎಂಬ ಭಯವೂ ಇತ್ತೇನೋ. ಹಾರ್ಟ್ಸೆಲ್ ಈ ವರ್ಷದ ನಿಜವಾದ ವಿದ್ಯಾರ್ಥಿ ಎಂದು ಬರೆದರು. ಈ ವರ್ಷದ ಎಂದರೆ ಜೂನ್ ತನಕ ಎಂದು ಪ್ರೊಫೆಸರ್ ಬಿಡಿಸಿ ಬರೆಸಿದರು. ಡೀನ್ ಸಹಿ ಹಾಕಿದರು. ಕಾಗದದಲ್ಲಿ ಬಿದ್ದ ಹೆಸರನ್ನು ಇನ್ನು ಹೊಡೆದುಹಾಕಿದರೆ ಗೆದ್ದ ಆಟವನ್ನೂ ಬಿಟ್ಟುಕೊಡಬೇಕು. ನಾನು ಕೇಳಿದಾಗ ಸಿಗದ ಕಾಗದ ಅದು. ಇವರು ಸುಳ್ಳು ಹೇಳದೆ ತಂದುಬಿಟ್ಟರು. ಹಿಮಗಾಡಿ ಇಳಿಸಿಕೊಂಡು ಬರುವಾಗ ದಾರಿಯುದ್ದಕ್ಕೂ ಅದಕ್ಕೂ ನಾನು ಅವರನ್ನೇ ಬೈದೆ.

ಜೂನ್ ತನಕ ಆ ಕುರ್ಚಿಯಲ್ಲಿ ಕೂತರು. ಜುಲೈಯಲ್ಲಿ ಲೈಸೆನ್ಸ್ ಬಂತು. ಮೂವತ್ತೊಂದು ವರ್ಷ ಗಿರಣಿಯ ಬಾಯ್ಲರ್ ನೋಡಿಕೊಂಡರು, ಒಂದು ದಿನವೂ ಅದು ಸಿಡಿಯಲಿಲ್ಲ. ಮಾರನೆಯ ವರ್ಷವೇ ಆ ಬೆಣೆಯಾಟ ಬೇಡವೆಂದು ನಿಯಮ ಮಾಡಿದರು. ಒಂದು ವರ್ಷ ಮೊದಲೇ ಮಾಡಿದ್ದರೆ ನಮ್ಮವರ ಕಾಲು ಉಳಿಯುತ್ತಿತ್ತು ಎಂದು ನಾನು ಅಂದುಕೊಳ್ಳುತ್ತಿದ್ದೆ. ಆದರೆ ಆಗ ಕಮ್ಮಾರನನ್ನು ಕರೆಯಲು ಯಾರು ಬರುತ್ತಿದ್ದರು ಎಂಬುದೂ ನೆನಪಾಗಿ, ಅಂದುಕೊಂಡದ್ದನ್ನು ಪೂರ್ತಿ ಮಾಡಲಾಗುತ್ತಿರಲಿಲ್ಲ.

ಆ ಷರಾಯಿಯಿಂದ ಹಿಡಿಗಳನ್ನು ಬಿಚ್ಚಲು ನನಗೆ ಅರ್ಧ ದಿನ ಹಿಡಿಯಿತು, ಅಷ್ಟು ಗಟ್ಟಿ ಹೊಲಿದಿದ್ದೆ. ಒಂದನ್ನು ಅವರ ಬುತ್ತಿಪೆಟ್ಟಿಗೆಗೆ ಹಾಕಿಕೊಟ್ಟೆ. ಪ್ರತಿ ಹಬ್ಬದ ದಿನ ಅವರು ಕುಂಟುತ್ತ ಹೋಗಿ ಹಗ್ಗದ ಹತ್ತಿರ ನಿಂತು ಆಟ ನೋಡಿ, ಚಳಿ ಹಿಡಿಸಿಕೊಂಡು ಬರುತ್ತಿದ್ದರು. ಆಮೇಲೆ ಒಂದು ವಾರ ಮೆಟ್ಟಿಲು ಹತ್ತಲಾಗದೆ ನನ್ನ ಭುಜ ಹಿಡಿಯುತ್ತಿದ್ದರು.

ಅವರು ತೀರಿಕೊಳ್ಳುವ ಹಿಂದಿನ ಚಳಿಗಾಲದಲ್ಲಿ ಹಾಗೆ ಮೆಟ್ಟಿಲ ಮೇಲೆ ನಿಂತಿದ್ದಾಗ, ಅಷ್ಟು ವರ್ಷ ನುಂಗಿಕೊಂಡದ್ದನ್ನು ಕೇಳಿಬಿಟ್ಟೆ.

"ಅವತ್ತು ನಾನು ಒಂದೇ ಸುತ್ತು ಹೊಲಿದಿದ್ರೆ ಹಿಡಿ ಕಿತ್ಕೊಂಡು ಬರ್ತಿತ್ತು ಅಲ್ವೇನ್ರೀ? ನಿಮ್ಮ ಮಂಡಿ ಉಳೀತಿತ್ತು."

ಅವರು ಮೆಟ್ಟಿಲ ಮೇಲೆ ನಿಂತೇ ಯೋಚಿಸಿದರು. ಲೆಕ್ಕ ಮಾಡುವಾಗ ಮಾಡುತ್ತಿದ್ದ ಹಾಗೆ ತುಟಿ ಅಲ್ಲಾಡಿಸಿದರು.

"ಉಳೀತಿತ್ತು," ಎಂದರು. "ಆದ್ರೆ ಎರಡು ಗಜ ಕಮ್ಮಿ ಬೀಳ್ತಿತ್ತು ಕಣೇ."